ಪಟಕ್ಕೆ ಕುಳಿತ ಅಕ್ಕ

ನಮ್ಮ ಮನೆಯಲ್ಲಿ ದೇವರು ಕೂತಿದ್ದದ್ದು ಇಂಗ್ಲಿಷರು ಚಳಿ ಕಾಯಿಸಲು ಗೋಡೆಯಲ್ಲಿ ಕಟ್ಟಿಸಿದ್ದ ಬೆಂಕಿಗೂಡಿನೊಳಗೆ. ಬೈಲಹೊಂಗಲದ ಬಿಸಿಲಿಗೆ ಬೆಂಕಿಗೂಡು ಯಾಕೆ ಬೇಕಾಗಿತ್ತೋ ಆ ಪುಣ್ಯಾತ್ಮರಿಗೆ, ಕೇಳೋಣವೆಂದರೆ ನಾವು ಅಲ್ಲಿಗೆ ಹೋಗುವ ಹೊತ್ತಿಗೆ ಅವರು ದೇಶ ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಊರ ಹೊರಗೆ, ನೇಸರಗಿ ರಸ್ತೆಯ ಬದಿಗೆ, ಹತ್ತಿ ಕೊಳ್ಳುವ ಬಿಳಿಯರ ಕಂಪನಿಯೊಂದು ತನ್ನ ಸಾಹೇಬರಿಗಾಗಿ ಕಟ್ಟಿಸಿದ್ದ ಏಳು ಬಂಗಲೆಗಳವು. ಸುತ್ತ ಕಲ್ಲಿನ ಕಂಪೌಂಡು, ಒಳಗೆ ಬೇವು, ಹುಣಸೆ, ಗುಲ್‌ಮೊಹರ್, ಆಕಾಶಮಲ್ಲಿಗೆ. ಊರೆಲ್ಲ ಕಾದ ಹೆಂಚಿನಂತಿದ್ದಾಗ ಒಳಗೆ ಮಾತ್ರ ತಣ್ಣಗೆ, ಕತ್ತಲು ಕತ್ತಲು. ಊರಿನ ವ್ಯಾಪಾರಿಯೊಬ್ಬರು ಆ ಜಾಗವನ್ನು ಕೊಂಡಿದ್ದರು. ಆದರೆ ದನ ತಿಂದವರ ಮನೆ, ಹಿಂದೆ ಒಬ್ಬ ದೊರೆಸಾನಿಯ ಗೋರಿ ಬೇರೆ ಇದೆ ಎಂದು ಸಂಭಾವಿತರು ಯಾರೂ ಬಾಡಿಗೆಗೆ ಬರಲಿಲ್ಲ. ಬಂದವರು ನಾಟಕ ಕಂಪನಿಗಳಿಂದ ಹೊರಬಿದ್ದವರು, ಬಣ್ಣದವರು, ವಾದ್ಯದವರು, ಮಣ್ಣಿನ ಗಣಪತಿ ಮಾಡುವವರು. ಮೊದಲು ಸಾಹೇಬರ ಕಂಪೌಂಡು ಎನ್ನುತ್ತಿದ್ದ ಊರು ಆಮೇಲೆ ಅದನ್ನು ಬಣ್ಣದವರ ಕಂಪೌಂಡು ಎಂದು ಕರೆಯತೊಡಗಿತು. ಕರೆಯುವಾಗ ಮೂಗು ಸ್ವಲ್ಪ ಮೇಲಕ್ಕೆ ಹೋಗುತ್ತಿತ್ತು.

ನನಗೆ ಆಗ ಹತ್ತು ವರ್ಷ. ಸಾಲೆ ಬಿಟ್ಟ ಮೇಲೆ ನನ್ನ ಕೆಲಸ ಒಂದೇ, ತಿರುಗುವುದು. ಏಳೂ ಬಂಗಲೆಗಳ ಒಳಹೊರಗು ನನಗೆ ಬಾಯಿಪಾಠವಾಗಿತ್ತು. ಮೊದಲನೆಯದರಲ್ಲಿ ನಾಟಕದ ಪರದೆ ಬರೆಯುವವರಿದ್ದರು. ಎರಡು ಬೇವಿನ ಮರಗಳ ನಡುವೆ ಅವರು ಒಮ್ಮೆ ಅರಮನೆಯನ್ನು, ಒಮ್ಮೆ ಅಡವಿಯನ್ನು, ಒಮ್ಮೆ ಸ್ಮಶಾನವನ್ನು ಒಣಹಾಕುತ್ತಿದ್ದರು. ಸ್ಮಶಾನದ ಕೆಳಗೆ ನುಸುಳಿ ಆಚೆ ಹೋದರೆ ಹಾರ್ಮೋನಿಯಂ ರಿಪೇರಿಯ ಮನೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಸ್ವರ ಅಳುತ್ತಿತ್ತು. ಐದನೆಯ ಬಂಗಲೆಯ ಸಾಹೇಬರ ಸ್ನಾನದ ತೊಟ್ಟಿಯಲ್ಲಿ ಗಣಪತಿಯ ಮಣ್ಣು ನೆನೆಹಾಕುತ್ತಿದ್ದರು. ಕಡೆಯ ಬಂಗಲೆಯಲ್ಲಿ ಚಂಪಾಬಾಯಿ ಇದ್ದಳು. ಕಂಪನಿ ನಾಟಕದಲ್ಲಿ ಮೂವತ್ತು ವರ್ಷ ರಾಣಿಯರ ಪಾರ್ಟು ಮಾಡಿ, ದನಿ ಒಡೆದ ಮೇಲೆ ಬಂದು ಕೂತವಳು. ದೊರೆಸಾನಿಯ ಗೋರಿ ಅವಳ ಹಿತ್ತಲಲ್ಲೇ ಇತ್ತು. ಅವಳು ಅದರ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು. ಅವ್ವ ಅವಳ ಮನೆಗೆ ಹೋಗಬೇಡವೆಂದು ನನಗೆ ತಾಕೀತು ಮಾಡಿದ್ದಳು, ಹಾಗಾಗಿ ದಿನಾ ಹೋಗುತ್ತಿದ್ದೆ.

ನಾವು ಈ ಮಂದಿಯ ನಡುವೆ ಬಂದದ್ದು ಅಪ್ಪನ ಹುಚ್ಚಿಗಾಗಿ. ಹೂಲಿಯ ಪೂಜಾರಿಕೆಯ ಮನೆತನ ನಮ್ಮದು. ತನ್ನ ಪಾಳಿ ಬಂದಾಗ ಗರ್ಭಗುಡಿಯಲ್ಲಿ ಕೂತು ಗೋಡೆಯ ಮೇಲೆ ಇದ್ದಿಲಿನಿಂದ ಭಕ್ತರ ಮುಖ ಬರೆಯುತ್ತಿದ್ದನಂತೆ ಅಪ್ಪ. ಅಣ್ಣತಮ್ಮಂದಿರು ಸಿಟ್ಟಾದರು, ಅಪ್ಪ ಪಾಳಿಯನ್ನು ಅವರಿಗೇ ಬಿಟ್ಟು ಹೆಂಡತಿ, ಎರಡು ಹೆಣ್ಣುಮಕ್ಕಳೊಂದಿಗೆ ಹೊರಟುಬಂದ. ಅವ್ವ ಪಾಪ, ಮಡಿ ಬಿಟ್ಟು ಅವನ ಹಿಂದೆ ಬರಲಿಲ್ಲ, ಮಡಿಯನ್ನು ಹೊತ್ತುಕೊಂಡೇ ಬಂದಳು. ಸಾಹೇಬರ ಅಡಿಗೆಮನೆಯನ್ನು ಏಳು ದಿನ ಸಾರಿಸಿದಳು, ಗೋಮೂತ್ರ ಚಿಮುಕಿಸಿದಳು, ಆದರೂ ಮನಸ್ಸು ಒಪ್ಪದೆ ಹಿಂದಿನ ಪಡಸಾಲೆಯಲ್ಲಿ ಒಲೆ ಹೂಡಿದಳು. ಜೋಳದ ರೊಟ್ಟಿ ಬಡಿಯುತ್ತ ಅಪ್ಪನಿಗೆ ಕೇಳುವಂತೆ ಒಲೆಗೆ ಬಯ್ಯುತ್ತಿದ್ದಳು. ಊಟದ ಹೊತ್ತಿನ ಜಗಳವಿಲ್ಲದೆ ನನಗೆ ಆ ಮನೆ ನೆನಪಾಗುವುದೇ ಇಲ್ಲ.

ಸಾಹೇಬರು ಊಟ ಮಾಡುತ್ತಿದ್ದ ದೊಡ್ಡ ಹಾಲಿಗೆ ಬಡಗಣ ದಿಕ್ಕಿನ ಬೆಳಕು ಬರುತ್ತಿತ್ತು. ಅಪ್ಪ ಅಲ್ಲಿ ಪಟ ಬರೆಯುತ್ತಿದ್ದ. ಯಾರ ಪಟ ಅಂದರೆ ಸತ್ತವರದು. ಆಗಿನ ನಮ್ಮ ಸೀಮೆಯಲ್ಲಿ ಬದುಕಿದ್ದವರು ಪಟ ಬರೆಸಿಕೊಳ್ಳುತ್ತಿರಲಿಲ್ಲ, ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಯ. ಗಂಡಸು ಸತ್ತರೆ ಎಲ್ಲಾದರೂ ಒಂದು ಫೋಟೋ ಇರುತ್ತಿತ್ತು, ಸಾಲೆಯದೋ, ಕಚೇರಿಯದೋ, ಮೂರನೆಯ ಸಾಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಮುಖ. ಅದರ ಮೇಲೆ ಚೌಕ ಗೆರೆ ಎಳೆದು ಅಪ್ಪ ದೊಡ್ಡದು ಮಾಡುತ್ತಿದ್ದ. ಹೆಂಗಸು ಸತ್ತರೆ ಏನೂ ಇರುತ್ತಿರಲಿಲ್ಲ. ಮನೆಯವರು ಅವಳ ಒಂದು ಸೀರೆ ಕಳಿಸುತ್ತಿದ್ದರು, ಜತೆಗೆ ಒಂದು ಚೀಟಿ: ಬಣ್ಣ ಕೆಂಪು, ಹಣೆ ಅಗಲ, ಮೂಗು ನೆಟ್ಟಗೆ. ಇದನ್ನೆಲ್ಲ ರಾಮದುರ್ಗ, ಸವದತ್ತಿ, ಕಿತ್ತೂರುಗಳಲ್ಲಿ ಪಟಕ್ಕೆ ಕಟ್ಟು ಹಾಕುವ ಅಂಗಡಿಯವರು ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದರು. ಯಾವ ಮನೆ, ಯಾವ ಓಣಿ, ಅಪ್ಪನಿಗೆ ಗೊತ್ತಾಗುತ್ತಿರಲಿಲ್ಲ. ಸತ್ತವರ ಪಟದ ಮೇಲೆ ಬರೆದವನ ಹೆಸರು ಹಾಕಬಾರದೆಂದು ಅವನೂ ಹಾಕುತ್ತಿರಲಿಲ್ಲ.

ಚೀಟಿಯನ್ನು ನೋಡಿಕೊಂಡು ಮುಖ ಬರೆಯಲು ಬರುತ್ತದೆಯೇ? ಮುಖಕ್ಕೆ ಮುಖ ಬೇಕು. ಅಪ್ಪ ಅಕ್ಕನನ್ನು ಕೂಡಿಸುತ್ತಿದ್ದ. ನನ್ನ ಅಕ್ಕ ವತ್ಸಲಾ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಚೆಲುವೆ ಎಂದು ಈಗ ಹೇಳಿದರೆ ತಂಗಿಯ ಮಾತು ಅಂದೀರಿ, ಹೇಳುವುದಿಲ್ಲ. ಶಾಂತ ಮುಖ ಅವಳದು, ಯಾರದಾದರೂ ಆಗಬಹುದಾದ ಮುಖ. ಸತ್ತವಳ ಸೀರೆ ಉಟ್ಟು, ಮುತ್ತೈದೆಯಾಗಿ ಸತ್ತವಳಾದರೆ ದೊಡ್ಡ ಕುಂಕುಮ ಇಟ್ಟು, ಹಸಿರು ಬಳೆ ತೊಟ್ಟು, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ತಾಸುಗಟ್ಟಲೆ ಕೂಡುತ್ತಿದ್ದಳು. ಅಪ್ಪ ಒಬ್ಬರಿಗೆ ಹಣೆ ಅಗಲ ಮಾಡುತ್ತಿದ್ದ, ಒಬ್ಬರಿಗೆ ಗಲ್ಲದ ಮೇಲೆ ಮಚ್ಚೆ ಇಡುತ್ತಿದ್ದ, ಉಳಿದದ್ದೆಲ್ಲ ಅಕ್ಕನೇ. ಪಟ ನೋಡಿದ ಮನೆಯವರು ಇದೇ ನಮ್ಮಾಕಿ ಎಂದು ಅತ್ತರಂತೆ ಎಂದು ಅಂಗಡಿಯವರು ಹೇಳಿ ಕಳಿಸಿದಾಗ ಅಪ್ಪನಿಗೆ ಹಿಗ್ಗೋ ಹಿಗ್ಗು. ಅವ್ವ ಮಾತ್ರ ಪ್ರತಿ ಸಲ ಕೆಂಡವಾಗುತ್ತಿದ್ದಳು.

"ಲಗ್ನಕ್ಕ ಬಂದ ಹುಡುಗಿಗೆ ಸತ್ತವರ ಸೀರಿ ಉಡಸ್ತೀರಲ್ಲರೀ, ನಿಮಗ ಏನರೆ ಬುದ್ಧಿ ಅದ ಏನು?"

"ಕೂಡೋದರಾಗ ಏನದ? ಕೂತ್ರ ಮುಖಾ ಸವೀತದೇನು?"

ಕಡೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಪಟಕ್ಕೆ ಕೂತೆದ್ದ ದಿನ ಅಕ್ಕ ತಲೆಯ ಮೇಲೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಚಳಿ ಇರಲಿ, ಜ್ವರ ಇರಲಿ, ಬಿಡುವಂತಿಲ್ಲ. ಹಬ್ಬವಲ್ಲದ ದಿನ ಅಕ್ಕನ ಕೂದಲು ಒದ್ದೆಯಾಗಿದ್ದರೆ ಎಲ್ಲೋ ಒಬ್ಬ ಹೆಂಗಸು ಸತ್ತಿದ್ದಾಳೆ ಎಂದು ನನಗೆ ತಿಳಿಯುತ್ತಿತ್ತು. ಒಂದು ಸಂಜೆ ಚಂಪಾಬಾಯಿ ನಮ್ಮ ಮೆಟ್ಟಿಲ ಹತ್ತಿರ ನಿಂತು ಅಪ್ಪನಿಗೆ ಅಂದಳು:

"ಮಾಸ್ತರ್ರ, ನಾ ಮೂವತ್ತು ವರ್ಷ ಮುಖಕ್ಕ ಬಣ್ಣಾ ಹಚ್ಚೇನಿ. ಏನ ಆದ್ರೂ ಮುಂಜಾನೆ ತೊಳಕೊಂಡು ಮತ್ತ ಚಂಪಾ ಆಗತಿದ್ದೆ. ಈ ಹುಡುಗಿ ಮುಖಾ ನೀವು ಕೊಟ್ಟ ಕಳಸಾಕ ಹತ್ತೀರಿ. ತಿರುಗಿ ಬರೂದಿಲ್ಲ ಅದು."

ಅಪ್ಪ ನಕ್ಕು, ನಾಟಕದ ಮಾತು ಛಲೋ ಹೇಳ್ತೀರಿ ಬಾಯಿ, ಎಂದ.

ಆ ವರ್ಷ ರಾಮದುರ್ಗದಿಂದ ಅಕ್ಕನಿಗೆ ಒಂದು ಸಂಬಂಧ ಬಂತು. ಒಳ್ಳೆಯ ಮನೆತನ. ಹುಡುಗ ಶ್ರೀಪಾದ, ಸವದತ್ತಿಯ ಆಣೆಕಟ್ಟಿನ ಆಫೀಸಿನಲ್ಲಿ ಗುಮಾಸ್ತ. ಬಣ್ಣದವರ ಕಂಪೌಂಡಿನ ಹುಡುಗಿಯನ್ನು ಅಂಥವರು ಕೇಳಿಕೊಂಡು ಬಂದದ್ದೇ ಅವ್ವನಿಗೆ ದೇವರು ಕಣ್ಣು ತೆರೆದಂತಾಗಿತ್ತು. ಹುಡುಗ, ಅವನ ತಾಯಿ, ಸೋದರಮಾವ ಬಂದು ನೋಡಿದರು. ಅಕ್ಕ ಉಪ್ಪಿಟ್ಟಿನ ತಾಟು ಇಟ್ಟು ನಮಸ್ಕಾರ ಮಾಡಿದಾಗ ಆ ತಾಯಿ ಅವಳ ಗದ್ದ ಹಿಡಿದೆತ್ತಿ ಸುಮ್ಮನೆ ನೋಡಿದರು. ಅವರ ಕಣ್ಣು ತುಂಬಿ ಬಂತು.

"ಎಲ್ಲೋ ನೋಡಿಧಂಗ ಆಗ್ತದವಾ ನಿನ್ನ. ನಮ್ಮ ಮನ್ಯಾಕಿನs ಅನಸ್ತೀ."

ಶ್ರೀಪಾದ ತಲೆ ತಗ್ಗಿಸಿಕೊಂಡು ಉಪ್ಪಿಟ್ಟು ತಿನ್ನುತ್ತಿದ್ದ, ಆದರೂ ಎರಡು ಸಲ ನೋಡಿದ. ಅಕ್ಕನೂ ನೋಡಿದಳು, ನಾನು ಬಾಗಿಲ ಸಂದಿಯಲ್ಲಿದ್ದೆ, ನನಗೆ ಗೊತ್ತು. ಅವರು ಹೋದ ಮೇಲೆ ಅಕ್ಕ ಆಕಾಶಮಲ್ಲಿಗೆಯ ಮರದ ಕೆಳಗೆ ಒಬ್ಬಳೇ ಹೂ ಆರಿಸುತ್ತಿದ್ದಳು. ಆರಿಸಿದ್ದನ್ನೇ ಮತ್ತೆ ಚೆಲ್ಲಿ ಮತ್ತೆ ಆರಿಸುತ್ತಿದ್ದಳು. ಅವಳು ಅಷ್ಟು ಸುಖವಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ.

ಹದಿನೈದು ದಿನಕ್ಕೆ ಮಾತುಕತೆಗೆಂದು ಅಪ್ಪ ರಾಮದುರ್ಗಕ್ಕೆ ಹೊರಟ. ನಾನು ಹಟ ಮಾಡಿ ಬೆನ್ನು ಹತ್ತಿದೆ. ಅವ್ವ ಬೇಡವೆಂದಳು, ಅಕ್ಕನೇ, ಹೋಗಲಿ ಬಿಡವಾ, ಮನಿ ಹೆಂಗದ ನೋಡಿ ಬಂದು ನನಗ ಹೇಳ್ತಾಳ, ಎಂದಳು. ದೊಡ್ಡ ಮನೆ. ಕಲ್ಲು ಹಾಸಿದ ಪಡಸಾಲೆ, ತೂಗುಮಂಚ, ಹಿತ್ತಲಲ್ಲಿ ಎಮ್ಮೆ. ಅಕ್ಕನಿಗೆ ಹೇಳಲೆಂದು ನಾನು ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಆಮೇಲೆ ನಡುಮನೆಗೆ ಕರೆದರು. ಚಹಾ ಬಂತು. ಎದುರಿನ ಗೋಡೆಯ ಮೇಲೆ, ಗಂಧದ ಹಾರ ಹಾಕಿಸಿಕೊಂಡು, ನಮ್ಮ ಅಕ್ಕ ಕೂತಿದ್ದಳು.

ಅಪ್ಪ ಅದಕ್ಕೆ ಬೆನ್ನು ಮಾಡಿ ಕೂತಿದ್ದ, ನೋಡಿರಲಿಲ್ಲ. ನಾನು ಸುಮ್ಮನಿರಬಹುದಾಗಿತ್ತು. ಈ ಐವತ್ತು ವರ್ಷಗಳಲ್ಲಿ ಎಷ್ಟು ಸಲ ಆ ಚಹಾದ ಬಟ್ಟಲನ್ನು ಮನಸ್ಸಿನಲ್ಲೇ ಬಾಯಿಗೆ ಹಿಡಿದು ಸುಮ್ಮನಿದ್ದೇನೋ ಲೆಕ್ಕವಿಲ್ಲ. ಆದರೆ ಆವತ್ತು ನನಗೆ ಹೆಮ್ಮೆ ತಡೆಯಲಿಲ್ಲ. ಇಷ್ಟು ದೊಡ್ಡ ಮನೆಯಲ್ಲಿ ಅಪ್ಪ ಬರೆದ ಪಟ!

"ಅಪ್ಪಾ, ಅಲ್ಲಿ ನೋಡು, ನಮ್ಮ ಅಕ್ಕ! ಆ ಹಸಿರು ಸೀರೀದು! ಆವತ್ತ ಆಕಿಗಿ ಜ್ವರಾ ಬಂದಿತ್ತಲ್ಲಾ!"

ಪಟದ ಕೆಳಗೆ ಬಿಳಿಯ ಚೀಟಿ ಅಂಟಿಸಿದ್ದರು. ಸೌ. ಸುಶೀಲಾ, ಎಂದು ಹೆಸರು, ಅದರ ಕೆಳಗೆ ತೀರಿಕೊಂಡ ತಿಥಿ. ಶ್ರೀಪಾದನ ಅಣ್ಣ ಅನಂತನ ಹೆಂಡತಿ. ಎರಡು ವರ್ಷದ ಹಿಂದೆ ಬಾಣಂತನದಲ್ಲಿ ಕೂಸಿನ ಸಂಗಡ ಹೋದವಳು. ಅಪ್ಪ ತಿರುಗಿ ನೋಡಿದ. ಆ ಕ್ಷಣದಲ್ಲಿ ಒಂದು ಸುಳ್ಳು ಹೇಳಿದ್ದರೆ, ಕೂಸು ಏನೋ ಒದರುತ್ತದೆ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅಪ್ಪನಿಗೆ ಸುಳ್ಳು ಬರುತ್ತಿರಲಿಲ್ಲ, ಪಟದಲ್ಲಿ ಬಿಟ್ಟರೆ. ಎಲ್ಲವನ್ನೂ ಬಿಡಿಸಿ ಹೇಳಿದ. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡರು.

"ಅಂದ್ರ ಎರಡು ವರ್ಷದಿಂದ ನಾವು ಜೀವಂತ ಹುಡುಗಿಗೆ ಹಾರಾ ಹಾಕೀವಿ. ನನ್ನ ಸೊಸಿ ಅಂತ ಅತ್ತೀನಿ. ಇನ್ನ ಆ ಹುಡುಗೀನ ತಂದು ಮನಿ ತುಂಬಿಸ್ಕೋಬೇಕಾ? ಬ್ಯಾಡ್ರೆಪಾ. ಎದ್ದೇಳ್ರಿ."

ಶ್ರೀಪಾದ ಕಂಬಕ್ಕೆ ಆತುಕೊಂಡು ನಿಂತಿದ್ದ. ಅನಂತ ಮೂಲೆಯಲ್ಲಿ ಕೂತಿದ್ದ, ಅವನು ಅಪ್ಪನನ್ನೂ ನೋಡುತ್ತಿರಲಿಲ್ಲ, ತಾಯಿಯನ್ನೂ ನೋಡುತ್ತಿರಲಿಲ್ಲ. ಪಟವನ್ನು ನೋಡುತ್ತಿದ್ದ. ಯರಗಟ್ಟಿಯಲ್ಲಿ ಬಸ್ಸು ಬದಲಿಸುವಾಗ ಅಪ್ಪ ನನಗೆ ಶೇಂಗಾ ಕೊಡಿಸಿದ. ಹೊಡೆದಿದ್ದರೆ ಚೆನ್ನಾಗಿತ್ತು. ಮನೆ ಮುಟ್ಟಿದಾಗ ಅಕ್ಕ ಬಾವಿಯಲ್ಲಿ ನೀರು ಸೇದುತ್ತಿದ್ದಳು. ಅಪ್ಪ ಒಳಗೆ ಹೋಗಿ ಅವ್ವನಿಗೆ ಹೇಳಿದ್ದು, ಅವ್ವ ಹಣೆ ಚಚ್ಚಿಕೊಂಡದ್ದು ಎಲ್ಲ ಹೊರಗೆ ಕೇಳಿತು. ಅಕ್ಕ ಹಗ್ಗ ಬಿಡಲಿಲ್ಲ, ಕೊಡವನ್ನು ಪೂರ್ತಿ ಮೇಲೆ ಎಳೆದುಕೊಂಡಳು.

"ಯಾವ ಸೀರಿ ಅಂದಿ?"

"ಹಸಿರು. ಜರಿ ಅಂಚಿಂದು."

"ಹಾಂ. ಅದು ಭಾಳ ಛಲೋ ಇತ್ತು," ಎಂದಳು. ನನಗೆ ಒಂದು ಮಾತೂ ಬಯ್ಯಲಿಲ್ಲ, ಆವತ್ತೂ ಬಯ್ಯಲಿಲ್ಲ, ಮುಂದೆಯೂ ಇಲ್ಲ.

ಸುದ್ದಿ ಕಟ್ಟಿಗೆಯ ಒಲೆಯ ಹೊಗೆಯಂತೆ ಎಲ್ಲ ಕಿಂಡಿಗಳಿಂದ ಹೊರಬಂತು. ಮೂರು ತಾಲೂಕಿನಲ್ಲಿ ಯಾವ ಯಾವ ಗೋಡೆಯ ಮೇಲೆ ಅಕ್ಕ ಇದ್ದಳೋ ಅಲ್ಲೆಲ್ಲ ಜನ ಎದ್ದು ಪಟ ನೋಡತೊಡಗಿದರು. ಒಬ್ಬರು ಪಟ ತಂದು ನಮ್ಮ ಮೆಟ್ಟಿಲ ಮೇಲೆ ಇಟ್ಟು ಹೋದರು. ಅದನ್ನಾದರೂ ತಾಳಿಕೊಳ್ಳಬಹುದಿತ್ತು. ತಾಳಲಾಗದ್ದು ಅಕ್ಕನನ್ನು ನೋಡಲು ಬಂದವರನ್ನು. ಸುರೇಬಾನದಿಂದ ಒಬ್ಬ ಒಕ್ಕಲಿಗ ಬಂದ, ನಲವತ್ತರ ಗಂಡಸು, ಮೀಸೆ ಹಣ್ಣಾಗಿತ್ತು. ಹುಟ್ಟಿದ ವರ್ಷವೇ ತಾಯಿಯನ್ನು ಕಳಕೊಂಡವನು, ಈಚೆಗೆ ಬರೆಸಿದ ಪಟದಲ್ಲಿ ಬಿಟ್ಟರೆ ಅವಳನ್ನು ನೋಡಿದವನಲ್ಲ. ರುಮಾಲು ಕೈಯಲ್ಲಿ ಹಿಡಿದು ಹುಣಸೆ ಮರದ ಕೆಳಗೆ ನಿಂತ.

"ಒಂದ ಸಲ ಹೊರಗ ಕರೀರಿ. ನೋಡಿ ಹೊಕ್ಕೇನಿ. ಮತ್ತೇನೂ ಬ್ಯಾಡ."

ಅವ್ವ ಬಾಗಿಲು ಹಾಕಲು ಹೋದಳು. ಅಕ್ಕನೇ ಅವಳನ್ನು ಸರಿಸಿ ಹೊರಗೆ ಬಂದು ನಿಂತಳು. ಆ ಮನುಷ್ಯ ನೋಡಿದ, ಅವ್ವಾ ಅಂದ, ನೆಲಕ್ಕೆ ಹಣೆ ಹಚ್ಚಿ ಎದ್ದು ಹೋದ. ಹತ್ತೊಂಬತ್ತು ವರ್ಷದ ಹುಡುಗಿ ಅವಳು. ಆಮೇಲೆ ಬಂದವರಿಗೂ ಹೀಗೆಯೇ ಬಂದು ನಿಲ್ಲುತ್ತಿದ್ದಳು. ಹುಡುಗಿ ನೋಡಲು ಮಾತ್ರ ಯಾರೂ ಬರಲಿಲ್ಲ. ಅಪ್ಪ ಬಣ್ಣದ ಬಟ್ಟಲುಗಳನ್ನು ತೊಳೆದು ಬೋರಲು ಹಾಕಿದ. ಅವ್ವ ಜಗಳ ಬಿಟ್ಟುಬಿಟ್ಟಳು. ಜಗಳವಿಲ್ಲದ ಆ ಊಟಗಳಲ್ಲಿ ನಾನು ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದೆ. ನಾನು ಮಾತು ಕಡಿಮೆ ಮಾಡಿದ್ದು ಆಗಲೇ. ಇವತ್ತಿಗೂ ನನ್ನನ್ನು ಬಿಗುಮಾನದ ಹೆಂಗಸು ಅನ್ನುತ್ತಾರೆ. ಅನ್ನಲಿ.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅನಂತ ಬಂದ. ಒಬ್ಬನೇ. ಮೂವತ್ತೆರಡು, ಮೂವತ್ತಮೂರು ವರ್ಷದವನು, ಸಾಲೆಯ ಮಾಸ್ತರ. ಅಪ್ಪನ ಖಾಲಿ ಹಾಲಿನಲ್ಲಿ, ಅಕ್ಕ ಕೂಡುತ್ತಿದ್ದ ಸ್ಟೂಲಿನ ಮೇಲೆಯೇ ಕೂತ. ಅದು ಅವನಿಗೆ ಗೊತ್ತಿರಲಿಲ್ಲ.

"ಖರೇ ಹೇಳ್ತೀನಿ ಮಾಸ್ತರ್ರ. ನನ್ನ ಹೆಂಡತಿ ಮುಖಾ ನನಗ ಈಗ ನೆನಪಿಲ್ಲ. ಕಣ್ಣು ಮುಚ್ಚಿದ್ರ ನೀವು ಬರದ ಪಟಾನs ಕಾಣಸ್ತದ. ಎರಡು ವರ್ಷ ಅದರ ಮುಂದ ಕೂತು ಮಾತಾಡೀನಿ. ಆಕಿ ಇಲ್ಲೆ ಬೈಲಹೊಂಗಲದಾಗ ಜೀವಂತ ಇದ್ದಾಳ ಅಂತ ಗೊತ್ತಾದ ಮ್ಯಾಲೆ ನನಗ ಮನ್ಯಾಗ ಕೂಡಲಿಕ್ಕೆ ಆಗವಲ್ತು. ನನಗ ಕೊಡ್ರಿ."

"ನಿಮ್ಮ ತಾಯಿಯವರು?"

"ತಮ್ಮಗ ಬ್ಯಾಡ, ನಿನಗಾದ್ರ ನಡೀತದ ಅಂದಾರ. ಎರಡನೇ ಸಂಬಂಧಕ್ಕ ಯಾರು ಅಷ್ಟು ನೋಡ್ತಾರ."

ಒಳಗೆ ಅವ್ವ ಅಕ್ಕನ ಕೈ ಹಿಡಿದು ಅಳುತ್ತಿದ್ದಳು. ಆ ಮನ್ಯಾಗ ಆ ಶ್ರೀಪಾದನೂ ಇರ್ತಾನ, ದಿನಾ ಎದುರಿಗೆ ಬರ್ತಾನ, ನಿನಗ ವೈನಿ ಅಂತಾನ, ಬ್ಯಾಡವಾ, ನಾಳೆ ಮತ್ತೊಬ್ಬರು ಬಂದಾರು, ಎಂದು. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಲ್ಲಿ ಬೇವಿನ ನೆರಳಲ್ಲಿ ಯಾರೋ ಇಬ್ಬರು ಹೆಂಗಸರು ಬುತ್ತಿ ಗಂಟು ಇಟ್ಟುಕೊಂಡು, ಅವಳು ಹೊರಗೆ ಬರಲೆಂದು ಕಾದು ಕೂತಿದ್ದರು.

"ನಾ ಹೋಗ್ತೀನವಾ. ಅಲ್ಲಿ ಒಬ್ಬಾಕಿ ಆದ್ರ ಸಾಕು. ಇಲ್ಲೆ ಕೂತ್ರ ಇನ್ನೂ ಎಷ್ಟು ಮಂದಿ ಆಗಬೇಕೋ."

ಲಗ್ನ ಕಂಪೌಂಡಿನೊಳಗೇ ಆಯಿತು. ಊರಿನವರು ಬರಲಿಲ್ಲ, ಬಣ್ಣದವರೆಲ್ಲ ಬಂದರು. ಪರದೆಯವರು ಅರಮನೆಯ ಪರದೆ ಕಟ್ಟಿ ಅದರ ಮುಂದೆ ಹಂದರ ಹಾಕಿದರು. ಚಂಪಾಬಾಯಿ ಹೆಣ್ಣಿನ ಕಾಲಿಗೆ ಅರಿಷಿಣ ಹಚ್ಚಲು ಮುಂದೆ ಬಂದು, ಗಂಡಿನ ಕಡೆಯವರ ಮುಖ ನೋಡಿ ಹಿಂದೆ ಸರಿದಳು. ಅವ್ವ ಹೋಗಿ ಅವಳ ಕೈ ಹಿಡಿದು ಕರೆತಂದಳು. ಅಷ್ಟು ವರ್ಷದಲ್ಲಿ ಅವ್ವ ಅವಳನ್ನು ಮುಟ್ಟಿದ್ದು ಅದೊಂದೇ ಸಲ.

ನಮ್ಮಲ್ಲಿ ಲಗ್ನದ ದಿನ ಹೆಣ್ಣಿನ ಹೆಸರು ಬದಲಾಗುತ್ತದೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡ ಉಂಗುರದ ತುದಿಯಿಂದ ಹೊಸ ಹೆಸರು ಬರೆಯುತ್ತಾನೆ. ಬರೆದದ್ದನ್ನು ಹೆಣ್ಣಿನ ಕಡೆಯವರೊಬ್ಬರು ಎಲ್ಲರಿಗೂ ಕೇಳುವಂತೆ ಓದಬೇಕು. ನಾನು ಸಾಲೆಗೆ ಹೋಗುವವಳು, ತಂಗಿ ಬೇರೆ, ನನ್ನನ್ನೇ ಮುಂದೆ ನೂಕಿದರು. ಅನಂತ ಬಗ್ಗಿ ಬರೆದ. ಅವನ ಮುಖದ ಮೇಲೆ ಕೆಟ್ಟತನ ಒಂದಿಷ್ಟೂ ಇರಲಿಲ್ಲ. ಅಕ್ಕಿಯ ಮೇಲೆ ಮೂರು ಅಕ್ಷರ. ಸುಶೀಲಾ.

"ಓದವಾ, ಜೋರಾಗಿ ಓದು," ಎಂದರು ಭಟ್ಟರು.

ನಾನು ಅಕ್ಕನ ಮುಖ ನೋಡಿದೆ. ಅವಳಿಗೂ ಕಾಣುತ್ತಿತ್ತು. ಅಪ್ಪ ಹಂದರದ ಕಂಬ ಹಿಡಿದು ನಿಂತಿದ್ದ. ಬೇರೆ ಹೆಸರು ಓದಿಬಿಡಲೇ ಎಂದುಕೊಂಡೆ, ಅಕ್ಕಿಯನ್ನು ಕೈಯಿಂದ ಕಲಸಿಬಿಡಲೇ ಎಂದುಕೊಂಡೆ. ಒಮ್ಮೆ ಬಾಯಿ ತೆರೆದು ಅವಳ ಬಾಳು ಕೆಡಿಸಿದವಳು, ಎರಡನೇ ಸಲ ಲಗ್ನ ಮುರಿಯಲು ನನಗೆ ಧೈರ್ಯವಾಗಲಿಲ್ಲ. ಓದಿದೆ. ಎಲ್ಲರೂ ಅಕ್ಷತೆ ಹಾಕಿದರು. ಗಂಡಿನ ತಾಯಿ ಸುಶೀಲಾ ಎಂದು ಕರೆದು ನೋಡಿದರು. ಅಕ್ಕ, ಓ, ಎಂದಳು.

ಮೂವತ್ತೊಂಬತ್ತು ವರ್ಷ ಅವಳು ಆ ಮನೆಯಲ್ಲಿ ಓ ಅಂದಳು. ಅನಂತ ಅವಳನ್ನು ಬಹಳ ಚೆನ್ನಾಗಿ ನೋಡಿಕೊಂಡ, ಸುಳ್ಳು ಹೇಳಬಾರದು. ಶ್ರೀಪಾದ ಬೇರೆ ಕಡೆ ಲಗ್ನವಾಗಿ ಅದೇ ಮನೆಯ ಅರ್ಧದಲ್ಲಿ ಸಂಸಾರ ಹೂಡಿದ. ಹಾರ ತೆಗೆದ ಆ ಹಸಿರು ಸೀರೆಯ ಪಟ ಮಾತ್ರ ನಡುಮನೆಯ ಗೋಡೆಯ ಮೇಲೆ ಹಾಗೇ ಉಳಿಯಿತು. ಅಕ್ಕನಿಗೆ ಒಬ್ಬ ಮಗ ಹುಟ್ಟಿದ. ಅಪ್ಪ ಮತ್ತೆ ಯಾರ ಮುಖವನ್ನೂ ಬರೆಯಲಿಲ್ಲ, ಅಂಗಡಿಗಳ ಹೆಸರಿನ ಹಲಗೆ ಬರೆದು ಬದುಕಿದ. ನಾನು ಹೋದಾಗ ವತ್ಸಕ್ಕಾ ಎಂದು ಕರೆದರೆ, ಸಣ್ಣಗ ಅನ್ನು, ಅವರಿಗೆ ಬ್ಯಾಸರಾಗ್ತದ, ಎನ್ನುತ್ತಿದ್ದಳು. ಮಗನಿಗೆ ಎಂದಾದರೂ ಇದನ್ನೆಲ್ಲ ಹೇಳಿದ್ದೀಯಾ ಎಂದು ಒಂದು ಸಲ ಕೇಳಿದೆ. ಹೇಳಿ ಏನು ಮಾಡೋದದ, ಎಂದಳು.

ಅವಳು ತೀರಿಕೊಂಡಾಗ ನಾನು ಹದಿಮೂರನೆಯ ದಿನ ಮುಗಿಯುವವರೆಗೆ ಅಲ್ಲಿದ್ದೆ. ಹೊರಡುವ ಮುಂಜಾನೆ ಅವಳ ಮಗನನ್ನು ಕರೆದು, ನಿಮ್ಮವ್ವನ ಒಂದು ಒಳ್ಳೆಯ ಪಟ ಮಾಡಿಸು, ನನ್ನ ಹತ್ತಿರ ಫೋಟೋ ಇದೆ, ಕಳಿಸುತ್ತೇನೆ ಎಂದೆ. ಅವನು ನನ್ನ ಮುಖ ನೋಡಿದ.

"ಮತ್ತೊಂದು ಯಾಕ ಮಾವಶಿ? ಅವ್ವಂದು ಇದ್ದೇ ಅದಲ್ಲಾ."

ಸ್ಟೂಲು ಹಾಕಿಕೊಂಡು ನಡುಮನೆಯ ಗೋಡೆಯಿಂದ ಆ ಪಟ ಇಳಿಸಿದ. ಗಾಜು ಒರೆಸಿದ. ತಿಥಿ ಮಾಸಿಹೋಗಿದ್ದ ಕೆಳಗಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ. ಹೊಸ ಚೀಟಿ ನನ್ನ ಕೈಗೆ ಕೊಟ್ಟು, ನಿಮ್ಮ ಅಕ್ಷರ ಛಲೋ ಅವ, ನೀವs ಬರೀರಿ, ಎಂದ. ತೀರಿಕೊಂಡ ತಿಥಿಯನ್ನು ಹೊಸದಾಗಿ ಬರೆದೆ. ಹೆಸರನ್ನು ಹಳೆಯದರಲ್ಲಿ ಇದ್ದಂತೆಯೇ ಬರೆದೆ.